ಕಣ್ಣು ಬಿಟ್ಟು ಹಿಡಿಯೇ ತಾಯಿ

ಪಿ.ಟಿ. ಟೀಚರ್ ಕೆಲಸಕ್ಕೆ ಸೇರಿದ ಮೇಲೆ ನಗುವಂಥ ಪ್ರಸಂಗಗಳನ್ನು ನಾನಾಗಿ ಹುಡುಕಿಕೊಂಡು ಹೋಗಿದ್ದೇ ಇಲ್ಲ. ಬೆಳಿಗ್ಗೆ ಕೊರಳಿಗೆ ಸೀಟಿ ಹಾಕಿಕೊಂಡರೆ ಸಾಕು, ಅವೇ ಸಾಲಾಗಿ ಬಂದು ನಿಲ್ಲುತ್ತವೆ. ಪಾವಗಡದಲ್ಲಿದ್ದಾಗಲೂ ಹಾಗೇ, ಶಿರಾದಲ್ಲಿದ್ದಾಗಲೂ ಹಾಗೇ. ಕೊರಟಗೆರೆ ತಾಲ್ಲೂಕಿನ ಈ ಹೈಸ್ಕೂಲಿಗೆ ವರ್ಗವಾಗಿ ಬಂದ ಮೇಲಂತೂ ಕೇಳಲೇಬೇಡಿ.

ಇಲ್ಲಿ ಮೈದಾನದಲ್ಲಿ ನಿಂತರೆ ಚನ್ನರಾಯನದುರ್ಗದ ಬೆಟ್ಟ ಕಾಣುತ್ತದೆ. ಆಟದ ಸಾಮಾನು ಮಾತ್ರ ಕಾಣುವುದಿಲ್ಲ. ಎರಡು ಥ್ರೋಬಾಲು, ಅದರಲ್ಲೊಂದಕ್ಕೆ ಗಾಳಿ ನಿಲ್ಲುವುದಿಲ್ಲ. ಒಂದು ನೆಟ್ಟು, ಅದರ ತೂತಿನಲ್ಲಿ ಕುರಿಮರಿ ದಾಟುತ್ತದೆ. ಬೀರುವಿನ ಮೂಲೆಯಲ್ಲಿ ಬೋಳಾದ ನಾಲ್ಕಾರು ಟೆನ್ನಿಸ್ ಬಾಲು.

ಬಂದ ವಾರವೇ ಹೆಡ್‌ಮಾಸ್ಟ್ರು ಕರೆದು ಹೇಳಿದರು: "ನೋಡಿ ಮೇಡಂ, ಎಸ್ಸೆಸ್ಸೆಲ್ಸಿ ರಿಸಲ್ಟು ಕಮ್ಮಿ ಬಂದ್ರೆ ಮೇಲಿನೋರು ನನ್ನ ಕೇಳ್ತಾರೆ. ನಿಮ್ಮ ಪಿ.ಟಿ. ಪೀರಿಯಡ್ಡು ಕೊಡಿ ಅಂತ ಗಣಿತದ ಮೇಷ್ಟ್ರು ದಿನಾ ಕೂತಿರ್ತಾರೆ. ಒಂದು ಮಾತು ಹೇಳ್ತೀನಿ. ಈ ಸಾರಿ ತಾಲ್ಲೂಕಲ್ಲಿ ನಮ್ಮ ಹುಡುಗೀರು ಥ್ರೋಬಾಲ್ ಗೆದ್ದು ಬಂದ್ರೆ ಪೀರಿಯಡ್ಡು ನಿಮ್ಮದು. ಇಲ್ದಿದ್ರೆ ಗಣಿತಕ್ಕೆ."

ಗಂಡುಹುಡುಗರು ಸಾಯಂಕಾಲವಾದರೆ ಬ್ಯಾಟು ಹಿಡಿದು ಕೆರೆ ಅಂಗಳಕ್ಕೆ ಓಡುತ್ತಾರೆ, ಅವರಿಗೇನೂ ನಷ್ಟವಿಲ್ಲ. ಹೆಣ್ಣುಮಕ್ಕಳು ಮನೆಗೆ ಹೋದರೆ ನೀರು, ಸೌದೆ, ಮುಸುರೆ, ಕುರಿ. ಅವರು ಬಾಯಿ ತೆರೆದು ಕಿರುಚಾಡಿ ಓಡುವುದು ಆ ಒಂದು ಪೀರಿಯಡ್ಡಿನಲ್ಲಿ ಮಾತ್ರ. ಅದನ್ನೂ ಕಿತ್ತುಕೊಂಡರೆ ಉಳಿಯುವುದೇನು?

"ಆಗಲಿ ಸಾರ್, ಗೆದ್ದು ಬರ್ತೀವಿ" ಅಂದುಬಿಟ್ಟೆ. ಆಡುವವರು ಯಾರ್ಯಾರು ಅಂತ ಆಮೇಲೆ ನೋಡಿದೆ.

ಸ್ಕೇಲು ಕಂಡರೆ

ಆಡಲು ಬರುವವರು ಸರಿಯಾಗಿ ಏಳೇ ಜನ. ಟೀಮಿಗೆ ಬೇಕಾದವರೂ ಏಳೇ. ಅಂದರೆ ಯಾರಿಗೂ ಶೀತ ಜ್ವರ ಬರುವ ಹಾಗಿಲ್ಲ.

ಮೊದಲು ಇವರ ಕೈ ಎಷ್ಟು ಚುರುಕು ಅಂತ ತಿಳಿಯಬೇಕು. ಅದಕ್ಕೆ ಸುಲಭದ ಪರೀಕ್ಷೆಯೊಂದಿದೆ. ಒಂದು ಸ್ಕೇಲನ್ನು ನೆಟ್ಟಗೆ ತೂಗಿ ಹಿಡಿಯುವುದು, ಆಡುವವಳು ಅದರ ಕೆಳಗೆ ಬೆರಳು ಅಗಲಿಸಿಕೊಂಡು ನಿಲ್ಲುವುದು. ನಾವು ಹೇಳದೆ ಕೇಳದೆ ಬಿಟ್ಟಾಗ ತಟ್ಟನೆ ಹಿಡಿಯಬೇಕು. ಬೇಗ ಹಿಡಿದಷ್ಟೂ ಚುರುಕು.

ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಮರದ ಸ್ಕೇಲು ಎತ್ತಿದೆ. ಮೊದಲನೆಯವಳು ಅಂಗೈ ಮೇಲೆ ಮಾಡಿ ಚಾಚಿ, ಅಳುಮುಖ ಮಾಡಿಕೊಂಡು ಕೇಳಿದಳು: "ನಾನೇನ್ ಮಾಡಿದ್ನಿ ಮಿಸ್?"

"ಏನೂ ಮಾಡಿಲ್ಲ ಕಣಮ್ಮ, ಹೊಡೆಯಲ್ಲ, ಬೀಳೋದನ್ನ ಹಿಡಿ" ಅಂದೆ. ಬಿಟ್ಟೆ. ಸ್ಕೇಲು ನೆಲಕ್ಕೆ, ಕೈ ಬೆನ್ನ ಹಿಂದಕ್ಕೆ. ಎರಡನೆಯವಳೂ ಹಾಗೇ, ಮೂರನೆಯವಳೂ ಹಾಗೇ. ಚುರುಕು ಅಂದರೆ ಅಂಥಾ ಚುರುಕು, ಕೈ ಹೋಗಿದ್ದೇ ಕಾಣುತ್ತಿರಲಿಲ್ಲ. ಹೋಗುವ ದಿಕ್ಕು ಮಾತ್ರ ಉಲ್ಟಾ.

ಕೊನೆಗೆ ನಿಂತಿದ್ದವಳು ಎಲ್ಲರಿಗಿಂತ ಎತ್ತರದ ಹುಡುಗಿ. ಕುರಿ ಇರುವ ಮನೆಯವಳು. ದಾರಿ ತಪ್ಪಿದ ಕುರಿಯ ಮುಂದಕ್ಕೆ ಕಲ್ಲು ಬೀರಿ ಬೀರಿ ಅವಳ ತೋಳಿಗೆ ಎಂಥಾ ಬಲ ಬಂದಿತ್ತೆಂದರೆ, ಅವಳು ಎಸೆದ ಚೆಂಡು ಹಿಡಿಯಲು ನನಗೇ ಹೆದರಿಕೆ. ಅವಳು ಸ್ಕೇಲು ಕಂಡವಳೇ ಕತ್ತು ಓರೆ ಮಾಡಿ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಸ್ಕೇಲಿಟ್ಟು ಚೆಂಡು ಎಸೆದೆ, ಆಗಲೂ ಮುಚ್ಚಿದಳು.

"ಯಾಕಮ್ಮ ಕಣ್ಣು ಮುಚ್ತೀಯ?"

"ನಾನ್ ಮುಚ್ಚಲ್ಲ ಮಿಸ್. ಅವೇ ಮುಚ್ಕತವೆ."

ಮಕ್ಕಳಿಗೆ ಹೊಡೆಯಬಾರದು ಅಂತ ಕಾನೂನು ಬಂದು ಎಷ್ಟೋ ಕಾಲವಾಯಿತು. ಆ ಸುತ್ತೋಲೆ ಮಕ್ಕಳ ಕೈಗೆ, ಕಣ್ಣಿಗೆ ಇನ್ನೂ ತಲುಪಿದ ಹಾಗಿಲ್ಲ. ನನಗೆ ನಗುವೂ ಬಂತು, ಮನಸ್ಸಿಗೆ ಕಷ್ಟವೂ ಆಯಿತು. ಸರಿ, ಆಟವನ್ನೇ ತಿರುಗಿಸಿದೆ. "ನೀವು ಸ್ಕೇಲು ಬಿಡಿ, ನಾನು ಹಿಡೀತೀನಿ" ಅಂದೆ. ಸ್ಕೇಲು ಕೈಗೆ ಬಂದಿದ್ದೇ ತಡ, ಹುಡುಗಿಯರ ಗತ್ತು ನೋಡಬೇಕಿತ್ತು!

ಆ ಹೊತ್ತಿಗೆ ಹೆಡ್‌ಮಾಸ್ಟ್ರು ವರಾಂಡಕ್ಕೆ ಬಂದರು. ಧೈರ್ಯದ ಹುಡುಗಿಯೊಬ್ಬಳು ಅವರ ಮುಂದೆ ಸ್ಕೇಲು ಎತ್ತಿ, "ಸಾ, ಕೈ ನೀಡಿ ಸಾ" ಅಂದಳು. ಹೆಡ್‌ಮಾಸ್ಟ್ರು ಸರಕ್ಕನೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಅವರೂ ಒಂದು ಕಾಲಕ್ಕೆ ಇದೇ ಸ್ಕೂಲಿನಲ್ಲಿ ಓದಿದವರಂತೆ.

ಗೋಡೆಗೆ ಯಾತರ ಮರ್ಯಾದೆ

ಎರಡು ಕೈಗೂ ಸಮ ಅಭ್ಯಾಸ ಆಗಲಿ ಅಂತ ಟೆನ್ನಿಸ್ ಬಾಲು ತೆಗೆದೆ. ನಾನು ಎದುರು ನಿಂತು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಎಸೆಯುವುದು, ಆ ಕಡೆ ಬಂದಿದ್ದನ್ನು ಆ ಕೈಯಲ್ಲೇ ಹಿಡಿಯುವುದು.

ಬಲಕ್ಕೆ ಎಸೆದದ್ದು ಹಿಡಿದರು. ಎಡಕ್ಕೆ ಎಸೆದರೆ ಏಳೂ ಜನ ಮೈಯನ್ನೆಲ್ಲಾ ತಿರುಚಿಕೊಂಡು ಬಲಗೈಯನ್ನೇ ಆ ಕಡೆಗೆ ಒಯ್ಯುತ್ತಾರೆ. ಒಬ್ಬಳಂತೂ ಬುಗುರಿ ಹಾಗೆ ಸುತ್ತಿ ಕೂತೇ ಬಿಟ್ಟಳು. ಬೈದು, ರಮಿಸಿ, ಕೊನೆಗೆ ಹೇಗೋ ಎಡಗೈಯಲ್ಲಿ ಹಿಡಿಸಿದೆ. ಹಿಡಿದವಳು ತಕ್ಷಣ ನಾಲಿಗೆ ಕಚ್ಚಿಕೊಂಡು, "ತಪ್ಪಾಯ್ತು ಮಿಸ್" ಅಂದಳು.

ಮಾರನೆಯ ದಿನ ಎತ್ತರದ ಹುಡುಗಿಯ ಅಜ್ಜಿ ಕುರಿ ಹೊಡೆದುಕೊಂಡು ಮೈದಾನಕ್ಕೇ ಬಂದರು. ಕುರಿಗಳು ಕೋರ್ಟಿನ ಗೆರೆಯನ್ನು ತುಳಿದು ಅಳಿಸುತ್ತಿದ್ದರೆ ಅಜ್ಜಿ ನನ್ನ ಮುಂದೆ ಕೋಲೂರಿ ನಿಂತರು.

"ಏನವ್ವಾ, ನನ್ ಮೊಮ್ಮಗಳಿಗೆ ಎಡಗೈಲಿ ಇಸ್ಕಳಾದು ಕಲಿಸ್ತಿದ್ದೀಯಂತೆ?"

"ಆಟ ಅಜ್ಜಿ, ಎರಡು ಕೈಯೂ ಚುರುಕಾಗ್ಲಿ ಅಂತ."

"ಗುರು ಕೊಟ್ಟಿದ್ದ ಎಡಗೈಲಿ ಇಸ್ಕಂಡ್ರೆ ಇದ್ಯೆ ಹತ್ತತದಾ? ನೀನೇ ಹೇಳು."

"ನಾನು ಕೊಡ್ತಾ ಇಲ್ಲ ಅಜ್ಜಿ, ಎಸೀತಾ ಇದೀನಿ."

"ಎಸುದ್ರೇನು, ಕೊಟ್ರೇನು? ನಿನ್ ಕೈಯಿಂದ ತಾನೆ ಬರಾದು?"

ನಾನು ಓದಿದ ಕಾಲೇಜಿನಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಿಕೊಟ್ಟಿರಲಿಲ್ಲ. ಅವರಿಗೆ ನನ್ನ ಮೇಲೆ ಕೋಪವೇನಿಲ್ಲ, ನನ್ನ ಮರ್ಯಾದೆ ಉಳಿಸುವುದಕ್ಕೇ ಅವರು ಅಷ್ಟು ದೂರ ಬಂದಿದ್ದದ್ದು.

ಸ್ವಲ್ಪ ಯೋಚಿಸಿ, ಸ್ಕೂಲಿನ ಹಳೇ ಕಲ್ಲಿನ ಗೋಡೆಗೆ ಮುಖ ಮಾಡಿ ಚೆಂಡು ಹೊಡೆದೆ. ಉಬ್ಬುತಗ್ಗಿನ ಗೋಡೆ, ಚೆಂಡು ಎತ್ತಲೋ ಚಿಮ್ಮಿತು.

"ಈಗ ಚೆಂಡು ಯಾರು ಕೊಟ್ರು ಅಜ್ಜಿ?"

ಅಜ್ಜಿ ಗೋಡೆಯನ್ನು ನೋಡಿದರು, ನನ್ನನ್ನು ನೋಡಿದರು. "ಗೋಡೆ ಕೊಡ್ತು" ಅಂದರು.

"ಗೋಡೆ ಕೊಟ್ಟಿದ್ದನ್ನ ಎಡಗೈಲಿ ಇಸ್ಕೋಬೋದಾ?"

"ಇಸ್ಕಳ್ಲಿ ಬುಡು. ಗೋಡೆಗೆ ಯಾತರ ಮರ್ಯಾದೆ? ಅದೇನ್ ಪಾಸು ಮಾಡತದಾ, ಫೇಲು ಮಾಡತದಾ?"

ರಾಗಿ ಕಾಲ್ಚೀಲ

ಆ ಗೋಡೆ ಆಟದಲ್ಲಿ ಟೆನ್ನಿಸ್ ಬಾಲುಗಳು ಲಂಟಾನದ ಪೊದೆಗೆ ಒಂದೊಂದಾಗಿ ಬಲಿಯಾದವು. ನಾನು ಮನೆಯಲ್ಲಿದ್ದ ಹಳೇ ಕಾಲ್ಚೀಲಗಳಿಗೆ ರಾಗಿ ತುಂಬಿ, ಬಾಯಿ ಹೊಲಿದು, ಮುಷ್ಟಿಗಾತ್ರದ ಗಂಟು ಮಾಡಿಕೊಂಡು ಬಂದೆ. ಉರುಳಿ ಹೋಗುವುದಿಲ್ಲ, ತಾಗಿದರೆ ನೋವಾಗುವುದಿಲ್ಲ, ಕಾಸಿನ ಖರ್ಚೂ ಇಲ್ಲ. ದುಂಡಗೆ ನಿಂತು ಒಬ್ಬರಿಗೊಬ್ಬರು ಬೇಗಬೇಗ ಎಸೆದಾಡುವ ಆಟ.

ಆಟ ಶುರುವಾಯಿತು, ಕ್ಷಣದಲ್ಲಿ ನಿಂತೂ ಹೋಯಿತು. ಒಬ್ಬಳ ಕೈ ತಪ್ಪಿ ಗಂಟು ಬಿತ್ತು. ಅವಳು ಬಗ್ಗಿ ಎತ್ತಿಕೊಂಡು, ಧೂಳು ಒರೆಸಿ, ಎರಡೂ ಕಣ್ಣಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಇನ್ನೊಂದು ಗಂಟು ಬಂದು ಅವಳ ತಲೆಗೆ ಬಡಿದು ಬಿತ್ತು. ಅದನ್ನೂ ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಪಕ್ಕದವಳ ಕಾಲಿಗೆ ಗಂಟು ತಾಗಿತು ನೋಡಿ, ಅವಳು ಚಪ್ಪಲಿ ಬಿಟ್ಟು ಮುಟ್ಟಿ ನಮಸ್ಕಾರ ಮಾಡುತ್ತಾ ಕೂತಳು.

"ಏನ್ರೇ ಇದು, ಆಟಾನೋ ಪೂಜೇನೋ?" ಅಂದೆ.

"ಒಳಗೆ ರಾಗಿ ಐತಲ್ಲ ಮಿಸ್. ಅನ್ನ ಅದು."

ಇವತ್ತಿಗೂ ಆ ಮಾತು ನೆನೆದರೆ ನನಗೆ ಒಂಥರಾ ಆಗುತ್ತದೆ. ಎತ್ತರದ ಹುಡುಗಿಯ ಪಾಡು ಕೇಳಬೇಡಿ. ಕಣ್ಣು ಮುಚ್ಚುವುದು, ಗಂಟು ಬೀಳುವುದು, ಎತ್ತಿ ಕಣ್ಣಿಗೆ ಒತ್ತಿಕೊಳ್ಳುವುದು, ಇಷ್ಟೇ ಅವಳ ಅಭ್ಯಾಸ. ಆವತ್ತು ರಾಗಿ ಅವಳ ಕಣ್ಣಿಗೆ ಬಿದ್ದಷ್ಟು ಕೈಗೆ ಬೀಳಲಿಲ್ಲ.

ಇದು ಆಗುವ ಹೋಗುವ ಮಾತಲ್ಲ ಅಂತ ರಾತ್ರಿ ರಾಗಿ ಸುರಿದು, ಮರಳು ತುಂಬಿ ತಂದೆ. ಈಗ ಬಿದ್ದರೆ ಕಣ್ಣಿಗೆ ಒತ್ತಿಕೊಳ್ಳುವವರಿಲ್ಲ. ಆದರೆ ಬೀಳುವುದೇ ಜಾಸ್ತಿಯಾಯಿತು! ಹಿಡಿದರೆ ಹಿಡಿದರು, ಬಿಟ್ಟರೆ ಬಿಟ್ಟರು. ಮಾರನೆಯ ದಿನ ಮತ್ತೆ ರಾಗಿ ತುಂಬಿದೆ. ಏಳರಲ್ಲಿ ಆರು ಜನ ಪ್ರಾಣ ಹೋದರೂ ಗಂಟು ನೆಲಕ್ಕೆ ಬಿಡಲಿಲ್ಲ.

ಬಿಸಿಯೂಟದ ಅಕ್ಕ ದೂರದಲ್ಲಿ ಕೂತು ಇದನ್ನೆಲ್ಲಾ ನೋಡುತ್ತಿದ್ದವರು ಹೇಳಿದರು: "ನೋಡಿದ್ರಾ ಮಿಸ್, ನೀವು ಸೀಟಿ ಊದಿ ಊದಿ ಗಂಟ್ಲು ಹರ್ಕಂಡ್ರೂ ಕೇಳ್ದಿದ್ದೋರು, ರಾಗಿ ಸುಮ್ಕಿದ್ರೂ ಕೇಳ್ತಾವ್ರೆ."

ಚಾಕ್‌ಪೀಸು

ಗಣಿತದ ಮೇಷ್ಟ್ರ ಮೇಲೆ ನನಗೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಪೀರಿಯಡ್ಡಿನ ಮೇಲೆ ಕಣ್ಣಿಟ್ಟವರು ಅವರು. ಆದರೆ ಅವರದೊಂದು ವಿದ್ಯೆ ಇಡೀ ಸ್ಕೂಲಿಗೆ ಗೊತ್ತಿತ್ತು. ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಾ ಬರೆಯುತ್ತಾ, ಮುರಿದ ಚಾಕ್‌ಪೀಸನ್ನು ತಿರುಗಿ ನೋಡದೆ ಎಸೆದರೆ, ಹಿಂದಿನ ಬೆಂಚಿನಲ್ಲಿ ತೂಕಡಿಸುವವರ ತಲೆಗೇ ಹೋಗಿ ತಾಗುತ್ತಿತ್ತು. ನೋವಾಗುವಂಥದ್ದಲ್ಲ, ನಿದ್ದೆ ಹೋಗುವಂಥದ್ದು.

ಪಂದ್ಯ ಹತ್ತಿರ ಬಂದಿತ್ತು. ನಾನೇ ಸೋತು ಹೋಗಿ ಕೇಳಿದೆ: "ಸಾರ್, ಮಧ್ಯಾಹ್ನ ಊಟದ ಬಿಡುವಲ್ಲಿ ನಮ್ಮ ಹುಡುಗೀರಿಗೆ ನಾಲ್ಕು ಚಾಕ್‌ಪೀಸು ಎಸೀತೀರಾ? ಸಣ್ಣ ವಸ್ತು ಹಿಡಿಯೋದು ಬಂದ್ರೆ ದೊಡ್ಡ ಚೆಂಡು ಸಲೀಸು."

ಅವರು ಕನ್ನಡಕ ಸರಿ ಮಾಡಿಕೊಂಡರು. "ನಾನು ಸಹಾಯ ಮಾಡಿ, ನೀವು ಗೆದ್ದು, ಪೀರಿಯಡ್ಡು ನನಗೆ ಸಿಗ್ದೆ ಹೋದ್ರೆ?"

"ಅದೂ ಒಂದು ಲೆಕ್ಕಾನೇ ಅಲ್ವಾ ಸಾರ್, ನೀವೇ ಮಾಡಿ ನೋಡಿ" ಅಂದೆ.

ಬಂದರು ಪುಣ್ಯಾತ್ಮ. ಬಂದವರು ಊಟ ಮರೆತು ಎಸೆದರು. ಎಡಕ್ಕೆ ನೋಡಿ ಬಲಕ್ಕೆ ಎಸೆಯುವುದು, ಬೆನ್ನು ಮಾಡಿ ಎಸೆಯುವುದು, ಮಾತಾಡುತ್ತಾ ಎಸೆಯುವುದು! ಹುಡುಗಿಯರಿಗೆ ನಕ್ಕು ನಕ್ಕು ಸಾಕಾಯಿತು. ಕೊನೆಗೆ ಮೇಷ್ಟ್ರು ಎತ್ತರದ ಹುಡುಗಿಯನ್ನು ಪಕ್ಕಕ್ಕೆ ಕರೆದು, ಅತಿ ಹತ್ತಿರದಿಂದ ಅತಿ ಮೆಲ್ಲಗೆ ಎಸೆದು ನೋಡಿದರು. ಊಹೂಂ, ಕಣ್ಣು ಮುಚ್ಚಿತು. ಅವತ್ತು ಅವಳು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಮಿಸ್, ನನ್ ಬುಟ್ಬುಡಿ. ನನ್ ದೆಸೆಯಿಂದ ಎಲ್ರದೂ ಪೀರಿಯಡ್ ಹೋಗ್ಬುಡ್ತದೆ. ಆಮೇಕೆ ಇವ್ರ್ ಮುಖ ನಾನ್ ಹೆಂಗ್ ನೋಡ್ಲಿ?"

"ನಿನ್ನ ಬಿಟ್ರೆ ಟೀಮೇ ಇಲ್ಲ ಕಣೇ. ನೀನು ಎಸಿ, ಹಿಡಿಯೋದನ್ನ ಇವರು ನೋಡ್ಕೋತಾರೆ" ಅಂದೆ. ಅವಳಿಗೆ ಸಮಾಧಾನವಾಗಲಿಲ್ಲ, ನನಗೂ ಆಗಿರಲಿಲ್ಲ.

ವಾರ ಕಳೆದ ಮೇಲೆ ಗಣಿತದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದರು. "ಏನಾಯ್ತು ಸಾರ್?"

"ಏನಾಗೋದು? ನಿಮ್ಮ ಹುಡುಗೀರು ಕ್ಲಾಸಲ್ಲಿ ತೂಕಡಿಸ್ತಾನೇ ಚಾಕ್‌ಪೀಸು ಹಿಡ್ಕೊಂಡು ಜೇಬಿಗೆ ಹಾಕ್ಕೋತಾರೆ. ಡಬ್ಬಿ ಖಾಲಿ. ನಾನೀಗ ಬೋರ್ಡಿಗೆ ಬೆರಳಲ್ಲಿ ಬರೀಲಾ?"

ಕುಣಿದವರು ಯಾರು

ಹೋಬಳಿ ಮಟ್ಟದಲ್ಲಿ ಗೆದ್ದೆವು. ಅಲ್ಲಿ ಎತ್ತರದ ಹುಡುಗಿಯ ಎಸೆತಕ್ಕೆ ಎದುರಿನವರೇ ಕಣ್ಣು ಮುಚ್ಚಿಕೊಂಡರು.

ತಾಲ್ಲೂಕು ಮಟ್ಟದ ಪಂದ್ಯ ಕೊರಟಗೆರೆಯಲ್ಲಿ. ಹೆಡ್‌ಮಾಸ್ಟ್ರು, ಗಣಿತದ ಮೇಷ್ಟ್ರು ಇಬ್ಬರೂ ಜೊತೆಗೆ ಬಂದರು. ಹೆಡ್‌ಮಾಸ್ಟ್ರು ಬೇರೆ ಸ್ಕೂಲುಗಳ ಹೆಡ್‌ಮಾಸ್ಟ್ರುಗಳ ಜೊತೆ ದೂರದ ಶಾಮಿಯಾನದಲ್ಲಿ ಕೂತರು. ಅವರಿಗೆ ಥ್ರೋಬಾಲಿನ ನಿಯಮ ಒಂದೂ ಗೊತ್ತಿಲ್ಲ, ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವವರೂ ಅಲ್ಲ. ಗಣಿತದ ಮೇಷ್ಟ್ರು ನನ್ನ ಪಕ್ಕದಲ್ಲೇ, ಗೆರೆ ಹತ್ತಿರ ನಿಂತರು.

ಫೈನಲ್ಲಿಗೂ ಬಂದೆವು. ಮೊದಲ ಸೆಟ್ಟು ಅವರದು, ಎರಡನೆಯದು ನಮ್ಮದು. ಮೂರನೆಯದರಲ್ಲಿ ಇಬ್ಬರೂ ಹೆಚ್ಚುಕಮ್ಮಿ ಸಮಸಮ ಬಂದು, ಅವರಿಗೆ ಗೆಲ್ಲಲು ಒಂದೇ ಒಂದು ಪಾಯಿಂಟು ಬೇಕು ಅನ್ನುವಲ್ಲಿಗೆ ನಿಂತಿತು. ನನ್ನ ಸೀಟಿಯ ದಾರವನ್ನು ನಾನೇ ಕಚ್ಚುತ್ತಿದ್ದೆ. ಅಷ್ಟು ಹೊತ್ತೂ ಆರು ಜನ ಸೇರಿ ಎತ್ತರದ ಹುಡುಗಿಯ ಕಡೆಗೆ ಒಂದು ಚೆಂಡನ್ನೂ ಹೋಗಗೊಡದೆ ಕಾದಿದ್ದರು. ಅವಳದು ಹಿಂದಿನ ಮೂಲೆ.

ಎದುರಿನವರು ಎಸೆದರು. ಚೆಂಡು ಎತ್ತರಕ್ಕೆ ಹೋಯಿತು, ಎಲ್ಲರ ತಲೆ ದಾಟಿತು, ಅವಳ ಮೂಲೆಯ ಕಡೆಗೇ ಹೊರಟಿತು. ಆದರೆ ಬಲವಾಗಿ ಎಸೆದಿದ್ದರು. ಅದು ಗೆರೆ ದಾಟಿ ಆಚೆ ಬೀಳುವುದು ಕುರುಡರಿಗೂ ಕಾಣುತ್ತಿತ್ತು. ಮುಟ್ಟದೆ ಬಿಟ್ಟರೆ ಔಟು, ಪಾಯಿಂಟು ನಮ್ಮದು, ಆಟ ಮುಂದುವರಿಯುತ್ತದೆ.

"ಬುಡೇ! ಬುಡೇ!" ಅಂತ ಆರೂ ಜನ ಕೂಗಿದರು. ನಾನೂ ಕೂಗಿದೆ. ಗಣಿತದ ಮೇಷ್ಟ್ರು ಎರಡೂ ಕೈ ಆಡಿಸಿ ಕೂಗಿದರು.

ಅವಳು ಕೇಳಲಿಲ್ಲ. ಚೆಂಡನ್ನೇ ದಿಟ್ಟಿಸಿಕೊಂಡು ಹಿಂದೆ ಹಿಂದೆ ಓಡಿದಳು, ಗೆರೆ ದಾಟಿದಳು, ನೆಗೆದಳು, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಕಣ್ಣು ಇಷ್ಟಗಲ! ಅವಳ ಕಣ್ಣು ಅಷ್ಟು ದೊಡ್ಡದು ಅಂತ ನನಗೆ ಗೊತ್ತಾಗಿದ್ದೇ ಆವತ್ತು.

ಗೆರೆ ಆಚೆ ಹೋಗಿ ಹಿಡಿದರೆ ತಪ್ಪು ನಮ್ಮದೇ. ರೆಫರಿ ಸೀಟಿ ಊದಿದರು. ಪಂದ್ಯ ಮುಗಿಯಿತು. ಸೋತೆವು.

ಅವಳು ಚೆಂಡನ್ನು ಹಿಡಿದ ಹಾಗೇ ನಿಂತಿದ್ದಳು. ಆಮೇಲೆ ಸ್ಕೇಲು ಎತ್ತಿ ಹೆಡ್‌ಮಾಸ್ಟ್ರನ್ನು ಹೆದರಿಸಿದ್ದ ಹುಡುಗಿ ಕಿಟಾರನೆ ಕಿರುಚಿದಳು: "ಲೇ, ಕಣ್ ಬುಟ್ಕಂಡ್ ಹಿಡುದ್ಲು ಕಣ್ರೇ!"

ಅಷ್ಟೇ. ಆರೂ ಜನ ಓಡಿಹೋಗಿ ಅವಳನ್ನು ಎತ್ತಿಕೊಂಡರು. ಕುಣಿತವೋ ಕುಣಿತ. ಇವರ ಕುಣಿತ ನೋಡಿ ಗೆದ್ದವರಿಗೆ ತಾವೇ ಸೋತೆವೇನೋ ಅನ್ನಿಸಿ, ಅವರ ಕ್ಯಾಪ್ಟನ್ ಅಳುತ್ತಾ ಕೂತುಬಿಟ್ಟಳು. ರೆಫರಿ ಇಬ್ಬರನ್ನೂ ನೋಡಿ ಗಾಬರಿಯಾಗಿ ಸ್ಕೋರನ್ನು ಎರಡು ಸಾರಿ ಕೂಗಿ ಹೇಳಬೇಕಾಯಿತು. ಆ ಗಲಾಟೆಯಲ್ಲಿ ಅದು ಯಾರಿಗೆ ಕೇಳಬೇಕು?

ಶಾಮಿಯಾನದ ಹೆಡ್‌ಮಾಸ್ಟ್ರಿಗಂತೂ ಕೇಳಲಿಲ್ಲ. ಅವರು ಕಂಡದ್ದು ಇಷ್ಟೇ: ನಮ್ಮವರು ಕುಣಿಯುತ್ತಿದ್ದಾರೆ, ಅವರು ಅಳುತ್ತಿದ್ದಾರೆ. ಫೋನು ತೆಗೆದರು. ಸ್ಕೂಲಿಗೆ ಹೇಳಿದರು, ಸ್ಕೂಲು ಸಮಿತಿಯ ಅಧ್ಯಕ್ಷರಿಗೆ ಹೇಳಿದರು, ಬಿಸಿಯೂಟದ ಅಕ್ಕನಿಗೆ ಕೇಸರಿಬಾತ್ ಮಾಡಲು ಹೇಳಿದರು. ಬಂದು, ಬಾಯಿ ತೆರೆಯಲೂ ಬಿಡದೆ ಎಲ್ಲರನ್ನೂ ಬೇಕರಿಗೆ ಕರೆದುಕೊಂಡು ಹೋಗಿ ದಿಲ್‌ಪಸಂದ್ ಕೊಡಿಸಿದರು. ಹುಡುಗಿಯರ ಬಾಯಿ ತುಂಬಿತ್ತು, ಯಾರು ಹೇಳುತ್ತಾರೆ? ನನಗೂ ಹೇಳುವ ಧೈರ್ಯ ಬರಲಿಲ್ಲ.

ಸಾಯಂಕಾಲ ಪ್ರೈವೇಟ್ ಬಸ್ಸಿನಲ್ಲಿ ಕೂತ ಮೇಲೆ, ನಾನೊಬ್ಬಳೇ ಹೋಗಿ ಇಸ್ಕೊಂಡು ಬಂದಿದ್ದ ಕಪ್ಪನ್ನು ಹೆಡ್‌ಮಾಸ್ಟ್ರು ತಿರುಗಿಸಿ ತಿರುಗಿಸಿ ನೋಡಿದರು. "ಈ ಸಾರಿ ಕಪ್ಪು ತೀರಾ ಸಣ್ಣದು ಮಾಡಿಬಿಟ್ಟಿದ್ದಾರೆ, ಅಲ್ವಾ ಮೇಡಂ?"

ನಾನು ತಲೆ ತಗ್ಗಿಸಿದೆ. ಎತ್ತರದ ಹುಡುಗಿ ಸೀಟಿನಿಂದ ಎದ್ದು ನಿಂತಳು. ಬಸ್ಸಿನ ಚಾವಣಿಗೆ ತಲೆ ತಾಗುವಷ್ಟಿದ್ದಳು.

"ಸಾ, ಅದು ಎರಡನೇ ಬಹುಮಾನದ್ದು ಸಾ. ನಾವ್ ಸೋತ್ವಿ. ನನ್ನಿಂದ್ಲೇ ಸೋತಿದ್ದು."

"ಸೋತ್ರಾ? ಮತ್ಯಾಕವ್ವ ಹಂಗೆ ಕುಣಿದ್ರಿ?"

"ಚೆಂಡ್ ಹಿಡುದ್ನಲ್ಲ ಸಾ, ಅದುಕ್ಕೆ."

"ಹಿಡಿದಿದ್ದಕ್ಕೆ ಸೋತ್ರಾ?"

"ಊಂ ಸಾ. ಬುಡ್ಬೇಕಿತ್ತು."

ಹೆಡ್‌ಮಾಸ್ಟ್ರು ನನ್ನ ಕಡೆ ತಿರುಗಿದರು. ಹೋಯಿತು ಪೀರಿಯಡ್ಡು ಅಂದುಕೊಂಡೆ. ಹೋಗುವುದಾದರೆ ಹೋಗಲಿ, ಒಂದು ಮಾತು ಕೇಳಿಯೇ ಬಿಡೋಣ ಅನ್ನಿಸಿತು. "ಸಾರ್, ಈ ವರ್ಷ ಹಿಡಿಯೋದು ಕಲಿಸಿದ್ದಾಯ್ತು. ಯಾವಾಗ ಬಿಡ್ಬೇಕು ಅನ್ನೋದು ಇನ್ನೂ ಕಲಿಸ್ಬೇಕು. ಅದಕ್ಕೆ ವಾರಕ್ಕೆ ಇನ್ನೊಂದು ಪೀರಿಯಡ್ಡು ಜಾಸ್ತಿ ಬೇಕಾಗುತ್ತೆ."

ಹೆಡ್‌ಮಾಸ್ಟ್ರು ಗಣಿತದ ಮೇಷ್ಟ್ರನ್ನು ನೋಡಿದರು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾ ಕೂತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು.

"ಕೊಡಿ ಸಾರ್" ಅಂದರು. "ಆ ಮಗು ಕಣ್ಣು ಬಿಟ್ಟಿದ್ದನ್ನ ನಾನು ಹತ್ರದಿಂದ ನೋಡ್ದೆ. ಬೇಕಿದ್ರೆ ನನ್ನದೇ ಒಂದು ತಗೊಳ್ಲಿ."

ಬಸ್ಸಿನಲ್ಲಿ ಹುಡುಗಿಯರು ಹೋ ಅಂದರು. ಎತ್ತರದ ಹುಡುಗಿ ದಪ್ಪನೆ ಕೂತು ಮುಖ ಮುಚ್ಚಿಕೊಂಡು ಅತ್ತಳು. ನನಗೂ ಕಣ್ಣು ತುಂಬಿ ಬಂತು, ಕಿಟಕಿಯ ಕಡೆ ತಿರುಗಿಕೊಂಡೆ.

ಅಷ್ಟರಲ್ಲಿ ಊರು ಬಂತು. ಸ್ಟಾಪಿನಲ್ಲಿ ತಮಟೆಯವರು, ಅಧ್ಯಕ್ಷರು, ಅವರ ಕೈಯಲ್ಲಿ ಹಾರ, ಹಿಂದೆ ಅರ್ಧ ಊರು. ಹೆಡ್‌ಮಾಸ್ಟ್ರ ಮುಖ ಬಿಳಿಚಿಕೊಂಡಿತು. ಎದ್ದು ನಿಂತು, ಕಪ್ಪನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ದನಿ ತಗ್ಗಿಸಿ ಹೇಳಿದರು: "ಪೀರಿಯಡ್ಡು ಕೊಟ್ಟೆ. ಆದ್ರೆ ಕೇಸರಿಬಾತ್ ಆಗಿಹೋಗಿದೆ. ನಿಜ ನಾಳೆ ಪ್ರೇಯರ್‌ನಲ್ಲಿ ನಾನೇ ಹೇಳ್ತೀನಿ. ಇವತ್ತು ಯಾರೂ ಮುಖ ಸಪ್ಪಗೆ ಮಾಡ್ಕೊಂಡು ಇಳೀಬೇಡಿ. ಕುಣ್ಕೊಂಡೇ ಇಳೀರಿ."

ಎಲ್ಲರಿಗಿಂತ ಮೊದಲು ಕುಣಿಯುತ್ತಾ ಇಳಿದವರು ಗಣಿತದ ಮೇಷ್ಟ್ರು.